ಓಟ ನಿಲ್ಲಿಸಿದರೂ ನಿಲ್ಲದ ನೋವು

2023ರ ಸೆಪ್ಟೆಂಬರ್ ತಿಂಗಳು. ಠಾಣೆಯ ವರ್ತಕ ನಗರದಲ್ಲಿ ನಾನು ಫಿಸಿಯೋಥೆರಪಿ ಕ್ಲಿನಿಕ್ ತೆರೆದು ಆಗ ಇಪ್ಪತ್ತೊಂದು ವರ್ಷವಾಗಿತ್ತು. ಒಂದು ಹೌಸಿಂಗ್ ಸೊಸೈಟಿಯ ನೆಲ ಅಂತಸ್ತಿನಲ್ಲಿ ಎರಡು ಕೋಣೆ, ಮೂರು ಮಂಚ, ಗೋಡೆಗೆ ನೇತುಹಾಕಿದ ರಬ್ಬರ್ ಬ್ಯಾಂಡುಗಳು. ಮೊದಮೊದಲು ಬರುತ್ತಿದ್ದವರು ಲೋಕಲ್ ಟ್ರೇನಿನಲ್ಲಿ ನಿಂತು ಸೊಂಟ ಹಿಡಿಸಿಕೊಂಡವರು, ಮೊಣಕಾಲಿನ ಆಪರೇಷನ್ ಆದವರು, ಭುಜ ಎತ್ತಲಾರದ ಹೆಂಗಸರು. ಕಳೆದ ಹತ್ತು ವರ್ಷಗಳಿಂದ ಇನ್ನೊಂದು ಜಾತಿಯ ರೋಗಿಗಳು ಸೇರಿಕೊಂಡರು: ಮ್ಯಾರಥಾನ್ ಓಟಗಾರರು. ಉಳಿದವರು ನೋವು ಯಾವಾಗ ಹೋಗುತ್ತದೆ ಎಂದು ಕೇಳಿದರೆ ಇವರು ಯಾವಾಗ ಓಡಬಹುದು ಎಂದು ಕೇಳುತ್ತಾರೆ. ಕೈಯಲ್ಲಿ ಗಡಿಯಾರ, ಫೋನಿನಲ್ಲಿ ಗ್ರಾಫ್. ಯಾವ ದಿನ, ಎಷ್ಟನೇ ಕಿಲೋಮೀಟರಿಗೆ, ಕಾಲಿನ ಯಾವ ಜಾಗದಲ್ಲಿ ನೋವು ಶುರುವಾಯಿತು ಎನ್ನುವುದು ಅವರಿಗೆ ಬಾಯಿಪಾಠ. ಇಂಥ ರೋಗಿಗಳನ್ನು ನೋಡುವುದು ಸುಲಭ ಎಂದು ನಾನು ನಂಬಿದ್ದೆ.

ಸದಾಶಿವ ಐತಾಳರನ್ನು ನನ್ನಲ್ಲಿಗೆ ಎಳೆದು ತಂದವಳು ನನ್ನ ಹಳೆಯ ಪರಿಚಯದ ಮಂಜುಳಾ. ಅವಳದು ಬಾಗಲಕೋಟೆ ಕಡೆಯ ಮನೆತನ, ಕಲ್ಯಾಣದಲ್ಲಿ ವಾಸ, ತುರ್ಭೆಯ ಬ್ಯಾಂಕ್ ಶಾಖೆಯೊಂದರಲ್ಲಿ ಕೆಲಸ, ವಯಸ್ಸು ನಲವತ್ತಮೂರು. ಐತಾಳರು ಉಡುಪಿ ಕಡೆಯವರು, ವಯಸ್ಸು ನಲವತ್ತೇಳು; ಡೊಂಬಿವಲಿ ಸ್ಟೇಷನ್ ಹತ್ತಿರ ಅಣ್ಣನ ಜೊತೆ ಸಸ್ಯಾಹಾರಿ ಹೋಟೆಲ್ ನಡೆಸುತ್ತಿದ್ದರು. ಭಾನುವಾರ ಬೆಳಿಗ್ಗೆ ನವಿ ಮುಂಬಯಿಯ ಪಾಮ್ ಬೀಚ್ ರಸ್ತೆಯಲ್ಲಿ ಓಡುವ ಎಂಟು ಜನರ ಗುಂಪಿನಲ್ಲಿ ಇವರಿಬ್ಬರ ವೇಗ ಹೆಚ್ಚು ಕಡಿಮೆ ಒಂದೇ. ಅದರಿಂದಲೇ ಸ್ನೇಹ.

ಮುಂದಿನ ಫೆಬ್ರವರಿಯ ಆರಂಭದಲ್ಲಿ ಉತ್ತರದ ಒಂದು ನಗರದಲ್ಲಿ ಮ್ಯಾರಥಾನ್ ಇತ್ತು. ಏರಿಳಿತವಿಲ್ಲದ ರಸ್ತೆ, ಚಳಿಯ ಬೆಳಗು. ನಮ್ಮ ಕಡೆಯ ಸೆಖೆಯಲ್ಲಿ ಓಡಿ ಅಭ್ಯಾಸವಾದವರಿಗೆ ವೇಗದ ಓಟಕ್ಕೆ ಅಂಥ ಜಾಗ ಬೇಕು. ನಲವತ್ತೆರಡು ಕಿಲೋಮೀಟರಿನ ಈ ಓಟದಲ್ಲಿ ಐತಾಳರ ಅದುವರೆಗಿನ ಉತ್ತಮ ಸಮಯ ಮೂರು ಗಂಟೆ ಐವತ್ತೆರಡು ನಿಮಿಷ; ಮಂಜುಳಾಳದು ಅದಕ್ಕಿಂತ ಒಂದು ನಿಮಿಷ ಹೆಚ್ಚು. ಇಬ್ಬರ ಗುರಿಯೂ ಮೂರು ಮುಕ್ಕಾಲು ಗಂಟೆ. ಎಂದರೆ ಒಂದೊಂದು ಕಿಲೋಮೀಟರನ್ನೂ ಐದು ನಿಮಿಷ ಇಪ್ಪತ್ತು ಸೆಕೆಂಡಿನೊಳಗೆ ಮುಗಿಸುತ್ತಾ ಹೋಗಬೇಕು.

"ಅಕ್ಕಾರ, ಇವರು ನಿಮಗ ಖರೇ ಹೇಳೂದಿಲ್ಲ, ನಾ ಹೇಳ್ತೀನಿ" ಎಂದಳು ಮಂಜುಳಾ. "ಮೊನ್ನೆ ಇಪ್ಪತ್ತನೇ ಕಿಲೋಮೀಟರಿಗೆ ಕುಂಟಾಕ ಹತ್ತಿದ್ರು. ಕೇಳಿದ್ರ, ಬೂಟಿನ್ಯಾಗ ಹಳ್ಳು ಸೇರೇದ ಅಂದ್ರು."

ಐತಾಳರು ನಕ್ಕರು. "ಅಷ್ಟು ದೊಡ್ಡದೆಂತ ಇಲ್ಲ ಮೇಡಮ್. ಸ್ವಲ್ಪ ಹಿಡಿದ ಹಾಗೆ ಆಗ್ತದೆ, ಅಷ್ಟೇ."

ಹಿಡಿದ ಹಾಗೆ ಆಗುತ್ತಿದ್ದದ್ದು ಎಡಗಾಲಿನ ಒಳಬದಿಯ ಹರಡಿನ, ಕಣಕಾಲಿನ ಗಂಟಿನ, ಹಿಂದೆ. ಅಲ್ಲಿ ಮೀನಖಂಡದಿಂದ ಇಳಿದು ಬಂದು ಪಾದದ ಕಮಾನನ್ನು ಎತ್ತಿ ಹಿಡಿಯುವ ಒಂದು ಸ್ನಾಯುರಜ್ಜು, ಅಂದರೆ ಟೆಂಡನ್, ಇದೆ. ಪಾದ ಒಳಕ್ಕೆ ವಾಲಿದಷ್ಟೂ ಅದರ ಮೇಲೆ ಜಗ್ಗು ಹೆಚ್ಚು. ಅದನ್ನು ಪರೀಕ್ಷಿಸುವ ಕ್ರಮ ಸರಳ: ಒಂದೇ ಕಾಲಿನ ಮೇಲೆ ನಿಂತು ಹಿಮ್ಮಡಿ ಎತ್ತಿ ಇಳಿಸುವುದು. ಬಲಗಾಲಿನಲ್ಲಿ ಅವರು ಇಪ್ಪತ್ತೈದು ಸಲ ಎತ್ತಿದರು. ಎಡಗಾಲಿನಲ್ಲಿ ಒಂಬತ್ತಕ್ಕೆ ನಿಂತಿತು.

ನಮ್ಮಲ್ಲಿ ಹೊಸ ರೋಗಿಗೆ ತುಂಬುವ ಒಂದು ಕಾಗದವಿದೆ. ಹೆಸರು, ವಯಸ್ಸು, ಹಳೆಯ ಪೆಟ್ಟು, ಔಷಧ, ಕೆಲಸ. ಕೆಲಸ ಏನು ಎಂದಾಗ ಅವರು, "ಹೋಟೆಲ್. ಗಲ್ಲಾದಲ್ಲಿ ಕೂತ್ಕೊಳ್ಳುದು" ಎಂದರು. 'ಕೂತು ಮಾಡುವ ಕೆಲಸ' ಎಂದು ಬರೆದು ಮುಂದಿನ ಸಾಲಿಗೆ ಹೋದೆ. ಗಡಿಯಾರದಲ್ಲಿದ್ದ ಎಂಟು ವಾರದ ಓಟದ ಲೆಕ್ಕ ನೋಡಲು ಮಾತ್ರ ಮುಕ್ಕಾಲು ಗಂಟೆ ತೆಗೆದುಕೊಂಡೆ.

ಅದರಲ್ಲಿ ಕಾರಣವೂ ಸಿಕ್ಕಿತು ಅನ್ನಿಸಿತು. ಆಗಸ್ಟಿನಲ್ಲಿ ವಾರದ ಓಟವನ್ನು ನಲವತ್ತರಿಂದ ಐವತ್ತೆಂಟು ಕಿಲೋಮೀಟರಿಗೆ ಏರಿಸಿಕೊಂಡಿದ್ದರು. ಹೆಚ್ಚು ಓಟ, ಬೇಗ ಏರಿಕೆ, ಟೆಂಡನ್ನಿಗೆ ಪೆಟ್ಟು. ಪುಸ್ತಕದಲ್ಲಿ ಹೇಗಿದೆಯೋ ಹಾಗೆ. ಓಟವನ್ನು ಮೂವತ್ತಕ್ಕೆ ಇಳಿಸಿದೆ, ಹಿಮ್ಮಡಿಯ ವ್ಯಾಯಾಮ ಕೊಟ್ಟೆ, ಬೂಟು ಬದಲಿಸಲು ಹೇಳಿದೆ.

ಅದೇ ದಿನ ಮಂಜುಳಾ ತನ್ನ ಮೊಣಕಾಲನ್ನೂ ತೋರಿಸಿಕೊಂಡಳು. ಯೇವೂರು ಗುಡ್ಡದ ಇಳಿಜಾರಿನಲ್ಲಿ ಓಡಿ ಹೊರಬದಿಯಲ್ಲಿ ಸಣ್ಣ ನೋವು ಮಾಡಿಕೊಂಡಿದ್ದಳು. ಇಳಿಜಾರು ಬಿಡು, ಸೊಂಟದ ಪಕ್ಕದ ಸ್ನಾಯು ಗಟ್ಟಿ ಮಾಡು ಎಂದೆ. ಹೇಳಿದ್ದನ್ನು ಡೈರಿಯಲ್ಲಿ ಬರೆದುಕೊಂಡು ದಿನವೂ ಟಿಕ್ ಹಾಕುವ ಹೆಂಗಸು ಅವಳು. ಮೂರು ವಾರದಲ್ಲಿ ಸರಿಹೋಯಿತು.

ಐತಾಳರ ಕಾಲು ಮಾತ್ರ ಸರಿಹೋಗಲಿಲ್ಲ. ಭಾನುವಾರ ಚೆನ್ನಾಗಿದೆ ಎನ್ನುತ್ತಿದ್ದರು. ಗುರುವಾರ ಬಂದಾಗ ಒಳಹರಡು ಊದಿರುತ್ತಿತ್ತು. ಐದು ವಾರದ ನಂತರ ಎಡಗಾಲು ಒಂಬತ್ತರಿಂದ ಹನ್ನೊಂದಕ್ಕೆ ಬಂದಿತ್ತು, ಅಷ್ಟೇ. ಮನೆಯಲ್ಲಿ ವ್ಯಾಯಾಮ ಮಾಡುತ್ತಿಲ್ಲವೇನೋ ಎಂಬ ಅನುಮಾನ ನನಗೆ. ಅಕ್ಟೋಬರ್ ಕೊನೆಗೆ ಮೂಳೆಯ ಡಾಕ್ಟರ ಹತ್ತಿರ ಕಳಿಸಿ ಎಂಆರ್‌ಐ ಮಾಡಿಸಿದೆ. ಮೂಳೆಯಲ್ಲಿ ಬಿರುಕಿಲ್ಲ, ಟೆಂಡನ್ನಿನ ಸುತ್ತ ಬಾವು ಇದೆ ಎಂದು ಬಂತು. ಓಟವನ್ನು ಪೂರ್ತಿ ನಿಲ್ಲಿಸಿ, ಎರಡು ವಾರ ಒಂದು ಕಿಲೋಮೀಟರೂ ಬೇಡ ಎಂದೆ.

ಅವರು ನಿಲ್ಲಿಸಿದರು. ನೋವು ನಿಲ್ಲಲಿಲ್ಲ.

ನವೆಂಬರ್ ನಡುವಿನ ಆ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಪರೀಕ್ಷೆ ಮುಗಿಸಿ ಹೇಳಿದೆ: "ಈ ಸಲ ಬ್ಯಾಡ್ರಿ, ಐತಾಳರ. ಹಿಂಗ ಓಡಿದ್ರ ಟೆಂಡನ್ ಹರಿದೀತು. ಮುಂದಿನ ಸಲ ನೋಡೂಣು."

ಅವರು ಸಾಕ್ಸ್ ಹಾಕಿಕೊಳ್ಳುತ್ತಿದ್ದರು. ಎರಡನೆಯದನ್ನೂ ಎಳೆದುಕೊಂಡು ಬೂಟಿನ ದಾರ ಕಟ್ಟಿದರು. ಆಮೇಲೆ, "ಆಯ್ತು ಮೇಡಮ್" ಎಂದರು. "ನಮ್ಮ ಅಪ್ಪ ಐವತ್ತೊಂದಕ್ಕೆ ಗಲ್ಲಾದಲ್ಲಿ ಕೂತಲ್ಲೇ ಹೋದದ್ದು, ಹಾರ್ಟ್. ಅದಕ್ಕೇ ನಾನು ಓಡ್ಲಿಕ್ಕೆ ಶುರು ಮಾಡಿದ್ದು. ಈಗ ಅದೂ ಅಲ್ಲ. ದಿನಕ್ಕೆ ಅದೊಂದು ಒಂದೂವರೆ ಗಂಟೆ ಯಾರೂ ನನ್ನನ್ನು 'ಅಣ್ಣಾ, ಏಕ್ ಮಸಾಲಾ' ಅಂತ ಕರೆಯುದಿಲ್ಲ." ಬಾಗಿಲಲ್ಲಿ ನಿಂತು ಮತ್ತೆ ನಕ್ಕರು. "ನಡೀಲಿಕ್ಕೆ ಅಡ್ಡಿ ಇಲ್ಲ ಅಲ್ಲವಾ?"

ಮಂಜುಳಾ ಮರುದಿನ ಫೋನ್ ಮಾಡಿ ನನ್ನ ಮೇಲೆ ರೇಗಿದಳು. ನಾನು ವೈದ್ಯಕೀಯ ಕಾರಣಗಳನ್ನೆಲ್ಲ ಹೇಳಿದೆ. "ನೀವು ಹೇಳೂದು ಖರೇ ಇರಬಹುದು ಅಕ್ಕಾರ. ಆದ್ರ ಓಡೂದು ಬಿಟ್ಟ ಮ್ಯಾಲೂ ಯಾಕ ನೋಯ್ತೈತಿ ಅಂತ ಹೇಳ್ರಿ" ಎಂದಳು. ಕೆಲವರಿಗೆ ನಿಧಾನವಾಗುತ್ತದೆ ಎಂದು ಹೇಳಿ ಫೋನ್ ಇಟ್ಟೆ.

ತುಳಸಿ ಪೂಜೆ ಕಳೆದ ಮೇಲೆ ಐತಾಳರು ಅಕ್ಕನ ಮಗಳ ಮದುವೆಗೆ ಊರಿಗೆ ಹೋದರು. ಹತ್ತು ದಿನ ಅಲ್ಲೇ ಇದ್ದರು. ಡಿಸೆಂಬರ್ ಮೊದಲ ವಾರ, ಅಪಾಯಿಂಟ್‌ಮೆಂಟ್ ಇಲ್ಲದೆ ಕ್ಲಿನಿಕ್ಕಿಗೆ ಬಂದು ಬೆಂಚಿನ ಮೇಲೆ ಕೂತರು. ಒಳಗೆ ಕರೆದಾಗ ತಪ್ಪು ಮಾಡಿದ ವಿದ್ಯಾರ್ಥಿಯ ಹಾಗೆ ನಿಂತೇ ಇದ್ದರು.

"ಮೇಡಮ್, ಬೈಬೇಡಿ. ನಾನು ಊರಲ್ಲಿ ಓಡಿದೆ."

"ಎಷ್ಟ್ರಿ?"

"ಒಂದು ದಿನ ಮಾತ್ರ ಅಂತ ಹೊರಟದ್ದು. ಸಮುದ್ರದ ಬದಿಯ ಡಾಂಬರು ರಸ್ತೆ, ಬೆಳಿಗ್ಗೆ ಯಾರೂ ಇಲ್ಲ... ಹತ್ತು ದಿನಕ್ಕೆ ಎಪ್ಪತ್ತೆರಡು ಕಿಲೋಮೀಟರ್ ಆಯ್ತು."

ನನಗೆ ಸಿಟ್ಟು ಬಂತು. "ನೋವು?"

"ಅದನ್ನೇ ಹೇಳ್ಲಿಕ್ಕೆ ಬಂದದ್ದು. ಮೂರನೇ ದಿನದಿಂದ ನೋವೇ ಇರ್ಲಿಲ್ಲ. ಇಲ್ಲಿಗೆ ಬಂದು ನಾಲ್ಕು ದಿನ ಆಯ್ತು, ಒಂದು ಹೆಜ್ಜೆ ಓಡ್ಲಿಲ್ಲ. ನಿನ್ನೆಯಿಂದ ಪುನಃ ಉಂಟು."

ನನ್ನ ಸಿಟ್ಟು ಅಲ್ಲೇ ಇಳಿಯಿತು. ಓಡಿದಾಗ ಹೋಗಿ, ಓಡದಿದ್ದಾಗ ಬರುವ ನೋವಿಗೆ ಓಟ ಕಾರಣವಾಗಲಾರದು. ಮೂರು ತಿಂಗಳಿನಿಂದ ನಾನು ತಪ್ಪು ಬಾಗಿಲು ಬಡಿಯುತ್ತಿದ್ದೆ. ಆಗ ಮೊದಲ ಬಾರಿಗೆ ಕೇಳಬೇಕಾದ ಪ್ರಶ್ನೆ ಕೇಳಿದೆ: ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡುತ್ತೀರಿ, ಒಂದೂ ಬಿಡದೆ ಹೇಳಿ.

"ಎದ್ದು ಓಡುದು. ಆಮೇಲೆ ಆರರಿಂದ ಹನ್ನೊಂದರವರೆಗೆ ದೋಸೆ ಕಾವಲಿ. ಆಮೇಲೆ ಗಲ್ಲಾ."

"ಕಾವಲಿ? ಗಲ್ಲಾದಾಗ ಕೂಡ್ತೀನಿ ಅಂದಿದ್ರೆಲ್ಲ?"

"ಹೌದು, ಯಾವಾಗಲೂ ಗಲ್ಲಾವೇ. ಈಗ ಕಾವಲಿ ನೋಡುವ ನಮ್ಮ ಭಟ್ರು ಊರಿಗೆ ಹೋಗಿದ್ದಾರಲ್ಲ, ಜುಲೈಯಿಂದ, ಎರಡೂ ಕಣ್ಣಿನ ಪೊರೆ ಆಪರೇಷನ್ನಿಗೆ. ಬೇರೆ ಒಬ್ಬರನ್ನು ಇಟ್ಟು ನೋಡಿದೆವು, ಗಿರಾಕಿಗಳು ತಟ್ಟೆ ವಾಪಸ್ ಕಳಿಸಿದ್ರು. ಅದಕ್ಕೆ ನಾನೇ ನಿಲ್ಲುದು. ಅದು ಟೆಂಪರರಿ ಅಲ್ವಾ ಮೇಡಮ್, ಹೇಳುವಂಥದ್ದೆಂತ ಅಲ್ಲ ಅಂತ..."

ಐದು ಗಂಟೆ ನಿಲ್ಲುವುದರಿಂದ ಕಾಲು ಸೋಲುತ್ತದೆ ನಿಜ. ಆದರೆ ಎರಡೂ ಕಾಲು ಸೋಲಬೇಕು. ಎಡಗಾಲು ಮಾತ್ರ ಏಕೆ? ಕುಳಿತಲ್ಲಿ ಅದು ಬಗೆಹರಿಯುವಂತಿರಲಿಲ್ಲ. "ನಾಳೆ ಮುಂಜಾನೆ ನಿಮ್ಮ ಹೋಟೆಲಿಗೆ ಬರ್ತೀನ್ರಿ" ಎಂದೆ. "ದೋಸೆ ತಿನ್ನಾಕಲ್ಲ."

ಮರುದಿನ ಎಂಟಕ್ಕೆ ಡೊಂಬಿವಲಿಯಲ್ಲಿ ಇಳಿದೆ. ಎಲ್ಲರೂ ಮುಂಬಯಿ ಕಡೆಗೆ ನುಗ್ಗುವ ಹೊತ್ತಿನಲ್ಲಿ ಎದುರು ದಿಕ್ಕಿನಿಂದ ಹೋಗುವ ಸುಖ ನನಗೆ ಅಂದು ಗೊತ್ತಾಯಿತು. ಹೋಟೆಲಿನ ಅಡುಗೆಮನೆ ಉದ್ದಕ್ಕೆ, ಕಿರಿದಾಗಿತ್ತು. ಐತಾಳರು ಬನಿಯನ್ ತೊಟ್ಟು ಕಾವಲಿಯ ಮುಂದೆ ನಿಂತು ಒಂದೇ ಸಲಕ್ಕೆ ಎಂಟು ದೋಸೆ ಹುಯ್ಯುತ್ತಿದ್ದರು. ನಾನು ಅವರ ಬೆನ್ನ ಹಿಂದೆ, ಕಾಲು ಕಾಣುವಂತೆ, ಹಿಟ್ಟಿನ ಡಬ್ಬದ ಮೇಲೆ ಕೂತೆ.

ಹತ್ತು ನಿಮಿಷ ಏನೂ ತಿಳಿಯಲಿಲ್ಲ. ಆಮೇಲೆ ಯಾರೋ ಬಕೆಟ್ ನೀರು ಚೆಲ್ಲಿ ನೆಲ ತೊಳೆದರು. ನೀರು ಐತಾಳರ ಎಡ ಚಪ್ಪಲಿಯ ಕೆಳಗಿಂದ ಬಲ ಚಪ್ಪಲಿಯ ಕಡೆಗೆ ಸರಸರ ಹರಿದು, ಬಲಗಡೆಯ ಮೋರಿ ಸೇರಿತು.

ನೀರು ನಿಲ್ಲಬಾರದೆಂದು ನೆಲವನ್ನು ಮೋರಿಯ ಕಡೆಗೆ ಇಳಿಜಾರು ಮಾಡಿದ್ದರು. ಎಲ್ಲ ಅಡುಗೆಮನೆಗಳಲ್ಲೂ ಇರುವಂಥದ್ದೇ. ಆದರೆ ಕಾವಲಿ ಇದ್ದದ್ದು ಮೋರಿಯ ಒತ್ತಿಗೆ, ಇಳಿಜಾರು ಹೆಚ್ಚಾಗಿರುವ ಜಾಗದಲ್ಲಿ. ಫೋನನ್ನು ನೆಲದ ಮೇಲಿಟ್ಟು ಅಳೆದೆ: ನಾಲ್ಕು ಡಿಗ್ರಿ. ಕಣ್ಣಿಗೆ ಕಾಣದಷ್ಟು. ಅಂಥ ನೆಲದ ಮೇಲೆ ಅಡ್ಡಕ್ಕೆ ನಿಂತಾಗ ಎತ್ತರದಲ್ಲಿರುವ ಪಾದ ಒಳಕ್ಕೆ ವಾಲುತ್ತದೆ, ತಗ್ಗಿನಲ್ಲಿರುವುದು ಹೊರಕ್ಕೆ. ಐತಾಳರ ಎಡಪಾದ ವಾರಕ್ಕೆ ಆರು ದಿನ, ದಿನಕ್ಕೆ ಐದು ಗಂಟೆ, ಒಳಕ್ಕೆ ವಾಲಿಕೊಂಡು ಆ ಟೆಂಡನ್ನನ್ನು ಜಗ್ಗುತ್ತಲೇ ಇತ್ತು. ಭಾನುವಾರ ಬೆಳಿಗ್ಗೆ ಓಟಕ್ಕೆಂದು ಕಾವಲಿಗೆ ರಜೆ ಹಾಕುತ್ತಿದ್ದರು. ಅದಕ್ಕೇ ಭಾನುವಾರ ಆರಾಮ. ಅವರ ಹವಾಯಿ ಚಪ್ಪಲಿ ಕೇಳಿ ತೆಗೆದು ನೋಡಿದೆ. ಎಡ ಚಪ್ಪಲಿಯ ಹಿಮ್ಮಡಿ ಒಳಬದಿಯಲ್ಲಿ ಮಾತ್ರ ಕಾಗದದಷ್ಟು ತೆಳ್ಳಗಾಗಿತ್ತು. ಮೂರು ತಿಂಗಳು ನಾನು ಅವರ ಓಟದ ಬೂಟನ್ನು ತಿರುಗಿಸಿ ತಿರುಗಿಸಿ ನೋಡಿದ್ದೆ, ಚಪ್ಪಲಿ ನೋಡಿರಲಿಲ್ಲ.

"ತಪ್ಪು ನಂದ್ರಿ" ಎಂದೆ. "ನಿಮ್ಮ ಓಟ ನಿಲ್ಲಿಸಿದ್ದು ನಾನು. ನಿಲ್ಲಿಸಬೇಕಾಗಿದ್ದು ಅದನ್ನಲ್ಲ."

ಅವರು ಸಟ್ಟುಗ ಹಿಡಿದುಕೊಂಡೇ ತಿರುಗಿದರು. "ಹಾಗಾದ್ರೆ ಫೆಬ್ರವರಿಯಲ್ಲಿ ಓಡ್ಬಹುದಾ?" ಕಾವಲಿಯ ಮೇಲೆ ಎರಡು ದೋಸೆ ಸೀದವು.

ಅವರ ಅಣ್ಣ ಅನಂತ ಐತಾಳರಿಗೆ ಇದು ಒಪ್ಪಿಗೆಯಾಗಲಿಲ್ಲ. "ನೆಲದಲ್ಲಿ ಎಂತ ಉಂಟು ಮೇಡಮ್? ನಾರಾಯಣ ಭಟ್ರು ಇಪ್ಪತ್ತಾರು ವರ್ಷ ಇದೇ ಜಾಗದಲ್ಲಿ ನಿಂತದ್ದು. ಅವರಿಗೆ ಎಂತದೂ ಆಗ್ಲಿಲ್ಲ. ಇವನಿಗೆ ಓಟದ ಹುಚ್ಚು, ಅದರಿಂದಲೇ." ಆದರೂ ತಮ್ಮನ ಮೇಲಿನ ಪ್ರೀತಿಗೆ ಬಡಗಿಯನ್ನು ಕರೆಸಿದರು. ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು ಇರುವ ಮರದ ಪಟ್ಟಿಗಳ ಮಣೆ ಸಿದ್ಧವಾಯಿತು. ನೀರು ಪಟ್ಟಿಗಳ ಸಂದಿನಲ್ಲಿ ಹರಿದು ಹೋಗುತ್ತದೆ, ನಿಂತವರ ಪಾದ ಸಪಾಟಾಗಿರುತ್ತದೆ. ನೋಡಲು ಬಚ್ಚಲುಮನೆಯ ಮಣೆಯಂತಿತ್ತು.

ಎರಡನೆಯ ವಾರಕ್ಕೆ ಬಾವು ಇಳಿಯಿತು. ಡಿಸೆಂಬರ್ ಮುಗಿಯುವ ಹೊತ್ತಿಗೆ ಎಡಗಾಲಿನ ಲೆಕ್ಕ ಹದಿನೇಳು. ಜನವರಿ ಮೂರನೆಯ ವಾರಕ್ಕೆ ಇಪ್ಪತ್ತಮೂರು. ಮಣೆ ಹಾಕಿದಾಗ ಓಟಕ್ಕೆ ಉಳಿದಿದ್ದದ್ದು ಸುಮಾರು ಒಂಬತ್ತು ವಾರ. ಅವಸರ ಮಾಡಿದರೆ ಮತ್ತೆ ಕೆಡುತ್ತದೆ, ನಿಧಾನಿಸಿದರೆ ನಲವತ್ತೆರಡು ಕಿಲೋಮೀಟರಿಗೆ ದೇಹ ಸಿದ್ಧವಾಗುವುದಿಲ್ಲ. ಮೂವರೂ ನನ್ನ ಮೇಜಿನ ಸುತ್ತ ಕೂತು ಒಂದು ಪಟ್ಟಿ ಹಾಕಿದೆವು. ಉದ್ದದ ಓಟ ಹದಿನಾರರಿಂದ ಶುರು; ಆಮೇಲೆ ಇಪ್ಪತ್ತು, ಇಪ್ಪತ್ತನಾಲ್ಕು, ಒಂದು ವಾರ ಇಳಿಕೆ, ಮತ್ತೆ ಇಪ್ಪತ್ತೆಂಟು. ಮೂವತ್ತೆರಡು ಒಂದೇ ಸಲ, ಓಟಕ್ಕೆ ಮೂರು ವಾರ ಮೊದಲು. ಮಂಜುಳಾ ತನ್ನದರ ಪಕ್ಕ ಐತಾಳರ ಡೈರಿಯನ್ನೂ ತಾನೇ ಬರೆಯತೊಡಗಿದಳು. ಆ ಮೂವತ್ತೆರಡರ ದಿನ ನಾನು ಬೆಳಿಗ್ಗೆ ಪಾಮ್ ಬೀಚ್ ರಸ್ತೆಗೆ ಹೋಗಿ, ಕೊನೆಯ ಸುತ್ತಿನಲ್ಲಿ ಇಬ್ಬರ ಹೆಜ್ಜೆ ಗಮನಿಸಿದೆ. ಐತಾಳರ ಮುಖ ದಣಿದಿತ್ತು. ಎಡ ಹೆಜ್ಜೆ ಬಲ ಹೆಜ್ಜೆಯಂತೆಯೇ ಬೀಳುತ್ತಿತ್ತು.

ಫೆಬ್ರವರಿಯ ಆ ಭಾನುವಾರ ನಾನು ಮನೆಯಲ್ಲೇ ಕೂತು ಫೋನಿನಲ್ಲಿ ಅವರನ್ನು ಹಿಂಬಾಲಿಸಿದೆ. ರಸ್ತೆಗೆ ಹಾಸಿದ ಪಟ್ಟಿಯನ್ನು ಓಟಗಾರ ದಾಟಿದಾಗಲೆಲ್ಲ ಅವನ ಸಮಯ ಪರದೆಯ ಮೇಲೆ ಬರುತ್ತದೆ. ಹತ್ತು, ಇಪ್ಪತ್ತು, ಮೂವತ್ತು ಕಿಲೋಮೀಟರ್, ಇಬ್ಬರದೂ ಒಂದೇ ಸೆಕೆಂಡು. ಮೂವತ್ತೈದಕ್ಕೆ ಮಂಜುಳಾ ಹೆಸರು ಮೊದಲು ಬಂತು. ಐತಾಳರ ಹೆಸರು ಬರಲಿಲ್ಲ. ನಾನು ಎದ್ದು ನಿಂತೆ. ಒಂದು ನಿಮಿಷ ಹತ್ತು ಸೆಕೆಂಡು ಬಿಟ್ಟು ಬಂತು.

ನಡೆದದ್ದನ್ನು ಆಮೇಲೆ ಮಂಜುಳಾ ಹೇಳಿದಳು. ಮೂವತ್ತೆರಡು ದಾಟಿದ ಮೇಲೆ ಐತಾಳರ ಉಸಿರು ಏರಿತಂತೆ. ಅವಳು ವೇಗ ತಗ್ಗಿಸಿದಳು. ಅವರು ತಕ್ಷಣ ಗುರುತಿಸಿ, "ನಿಧಾನ ಮಾಡ್ಬೇಡಿ. ನಾನು ಕಳಕೊಂಡ ವಾರ ನನ್ನದು, ನಿಮ್ಮದಲ್ಲ. ನೀವು ಹೋಗಿ" ಎಂದರಂತೆ. ಅವಳು ಎರಡು ಸಲ ತಿರುಗಿ ನೋಡಿದಳು. ಎರಡನೆಯ ಸಲ ಅವರು ಕೈಯಿಂದ ಅಟ್ಟಿದರು.

ಮಂಜುಳಾ ಮೂರು ಗಂಟೆ ನಲವತ್ತನಾಲ್ಕು ನಿಮಿಷ ಮೂವತ್ತೊಂದು ಸೆಕೆಂಡಿಗೆ ಮುಗಿಸಿದಳು. ಐತಾಳರದು ಮೂರು ಐವತ್ತು ಹದಿನೆಂಟು. ಗುರಿಗಿಂತ ಐದು ನಿಮಿಷ ಹೆಚ್ಚು, ತಮ್ಮ ಹಿಂದಿನ ಉತ್ತಮ ಸಮಯಕ್ಕಿಂತ ಸುಮಾರು ಎರಡು ನಿಮಿಷ ಕಡಿಮೆ. ಆ ಐದು ನಿಮಿಷದ ಹೊಣೆ ನನ್ನದು ಎಂದು ಇಂದಿಗೂ ನನಗೆ ಅನ್ನಿಸುತ್ತದೆ. ಅವರಿಗೆ ಹಾಗೆ ಅನ್ನಿಸಿರಲಿಲ್ಲ. ಫೋನಿನಲ್ಲಿ ಕೂಗಿ ಹೇಳಿದರು: "ಮೇಡಮ್, ಎಡಗಾಲು ಒಂದು ಮಾತೂ ಆಡ್ಲಿಲ್ಲ! ಉಳಿದದ್ದೆಲ್ಲ ಮಾತಾಡಿತು!"

ಈ ಪ್ರಕರಣ ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ತಿಂಗಳ ಕೊನೆಯಲ್ಲಿ ಅಣ್ಣತಮ್ಮಂದಿರು ನನ್ನನ್ನೂ ಮಂಜುಳಾಳನ್ನೂ ಊಟಕ್ಕೆ ಕರೆದರು. ನಾರಾಯಣ ಭಟ್ಟರು ಊರಿಂದ ಮರಳಿ ಬಂದು ತಿಂಗಳಾಗಿತ್ತು. ಅರವತ್ತೊಂದರ ತೆಳ್ಳನೆಯ ಮನುಷ್ಯ. ಮಣೆಯ ಮೇಲೆ ನಿಂತು ದೋಸೆ ಹುಯ್ಯುತ್ತಿದ್ದರು. ಅಭ್ಯಾಸದಂತೆ ನನ್ನ ಕಣ್ಣು ಕಾಲಿಗೆ ಹೋಯಿತು. ಹಿಂದಿನಿಂದ ನೋಡಿದರೆ ಸಾಮಾನ್ಯ ಪಾದದ ಹೊರಬದಿಯಲ್ಲಿ ಒಂದೆರಡು ಬೆರಳು ಮಾತ್ರ ಕಾಣಬೇಕು. ಭಟ್ಟರ ಬಲಗಾಲು ಹಾಗಿತ್ತು. ಎಡಗಾಲಿನಲ್ಲಿ ನಾಲ್ಕು ಬೆರಳು ಕಾಣುತ್ತಿದ್ದವು. ಪಾದದ ಕಮಾನು ಪೂರ್ತಿ ಕುಸಿದು ನೆಲಕ್ಕೆ ಒರಗಿತ್ತು. ಐತಾಳರಲ್ಲಿ ಬಾವಾಗಿ ಶುರುವಾದದ್ದು ವರ್ಷಗಟ್ಟಲೆ ಮುಂದುವರಿದರೆ ಮುಟ್ಟುವ ಜಾಗ ಅದು.

"ಭಟ್ರ, ಎಡಗಾಲು ನೋವು ಎಷ್ಟು ದಿನದಿಂದ ಅದರೀ?"

"ನೋವಾ?" ಅವರು ದೋಸೆ ಮಗುಚಿದರು. "ಅದು ನೋವಲ್ಲ ಅಮ್ಮ. ಕಾಲು ಹಾಗೇ."

"ಯಾವಾಗಿಂದ ಹಂಗ?"

ಅವರು ಸಟ್ಟುಗದಿಂದ ಮೂಲೆ ತೋರಿಸಿದರು. "ಈ ದೊಡ್ಡ ಗ್ರೈಂಡರ್ ತಂದ ವರ್ಷದಿಂದ."

ಗಲ್ಲಾದಿಂದ ಎದ್ದು ಬಂದಿದ್ದ ಅನಂತ ಐತಾಳರ ಮುಖ ಬಾಡಿತು. "ಅದು ಬಂದು ಹನ್ನೊಂದು ವರ್ಷ ಆಯ್ತು, ಭಟ್ರೇ. ಒಂದು ದಿನವೂ ಹೇಳ್ಲಿಲ್ಲ ನೀವು."

"ನೀವು ಕೇಳ್ಲಿಲ್ಲ ಅಲ್ವಾ" ಎಂದರು ಭಟ್ಟರು. ಅದರಲ್ಲಿ ದೂರು ಇರಲಿಲ್ಲ. "ಈಗ ಈ ಮಣೆ ಹಾಕಿದ ಮೇಲೆ ಸಂಜೆ ಸ್ವಲ್ಪ ಹಗುರ ಉಂಟು. ನಾನು ಊರಿನ ಗಾಳಿ ಅಂತ ಎಣಿಸಿದ್ದೆ."

ಮುಂದಿನ ಮಂಗಳವಾರದಿಂದ ಅನಂತ ಐತಾಳರೇ ಅವರನ್ನು ನನ್ನ ಕ್ಲಿನಿಕ್ಕಿಗೆ ಕರೆತರತೊಡಗಿದರು. ಕುಸಿದ ಕಮಾನು ಮತ್ತೆ ಏಳುವುದಿಲ್ಲ. ಅದನ್ನು ಭಟ್ಟರಿಗೆ ಮೊದಲೇ ಹೇಳಿದೆ. ಆದರೆ ಅಳತೆ ಕೊಟ್ಟು ಮಾಡಿಸಿದ, ಬೂಟಿನೊಳಗಿಡುವ ಒಳಪಾದುಕೆ, ಹಿಮ್ಮಡಿ ಹಿಡಿದು ನಿಲ್ಲಿಸುವ ಬೂಟು, ದಿನಕ್ಕೆ ಹತ್ತು ನಿಮಿಷದ ವ್ಯಾಯಾಮ, ಇಷ್ಟರಿಂದ ನಾಲ್ಕು ತಿಂಗಳಲ್ಲಿ ಅವರು ಸ್ಟೇಷನ್ನಿನ ಮೇಲ್ಸೇತುವೆಯನ್ನು ಎಲ್ಲೂ ನಿಲ್ಲದೆ ಹತ್ತಿ ಇಳಿಯುವಂತಾದರು. ಗಡಿಯಾರ ಕಟ್ಟುವವರಲ್ಲದ ಕಾರಣ ಎಷ್ಟು ನಿಮಿಷಕ್ಕೆ ಹತ್ತಿದರೆಂದು ಗೊತ್ತಿಲ್ಲ.

ನನ್ನ ಕ್ಲಿನಿಕ್ಕಿನ ಕಾಗದದಲ್ಲಿ 'ಕೆಲಸ' ಎಂಬ ಒಂದು ಸಾಲು ಈಗ ಅರ್ಧ ಪುಟವಾಗಿದೆ. ಯಾವ ನೆಲ, ಯಾವ ಚಪ್ಪಲಿ, ಎಷ್ಟು ಹೊತ್ತು, ಯಾವ ಕಡೆ ಮುಖ ಎಂದೆಲ್ಲ ಕೇಳುತ್ತೇನೆ. ಕೆಲವರಿಗೆ ಬೇಸರವಾಗುತ್ತದೆ. ಓಟಗಾರನೊಬ್ಬ ತನ್ನ ಎಂಟು ವಾರದ ನೋವನ್ನು ಕಿಲೋಮೀಟರ್ ಲೆಕ್ಕದಲ್ಲಿ ತಂದು ನನ್ನ ಮುಂದಿಡಬಲ್ಲ. ಅದೇ ಜಾಗದಲ್ಲಿ ಅದೇ ನೋವನ್ನು ಹನ್ನೊಂದು ವರ್ಷ ಹೊತ್ತವರ ಬಳಿ ಅದಕ್ಕೆ ನೋವು ಎಂಬ ಹೆಸರೂ ಇರುವುದಿಲ್ಲ. ಬಾಗಿಲು ತಟ್ಟಿ ಬಂದವರನ್ನು ಗುಣಪಡಿಸುವುದು ನಮ್ಮ ವೃತ್ತಿ ಎಂದು ಓದಿನ ದಿನಗಳಲ್ಲಿ ತಿಳಿದಿದ್ದೆ. ಬಂದವರು ನಿಲ್ಲುವ ಜಾಗಕ್ಕೆ ಹೋಗಿ, ಅಲ್ಲಿ ಅವರ ಪಕ್ಕದಲ್ಲಿ ಇನ್ನು ಯಾರು ನಿಂತಿದ್ದಾರೆ ಎಂದು ನೋಡಿ, ಅವರನ್ನೂ ಒಂದು ಮಾತು ಕೇಳುವುದು ಈ ವೃತ್ತಿಯ ಉಳಿದರ್ಧ.